ಮಳಿಯೊಳಗ ತೊಯ್ಸಿಕೊಂಡರ ಬರೋ ಜ್ವರ

ಧಾರವಾಡದ ಮಳೆ ಬಗ್ಗೆ ಬರೆಯದ ಧಾರವಾಡದವರು ಯಾರಿದ್ದಾರೆ ಹೇಳಿ? ಜಿಟಿಜಿಟಿ ಮಳೆ, ಕೆಂಪು ಕೆಸರು, ಬಿಸಿ ಮಿರ್ಚಿ, ಚುರುಮುರಿ... ನಾನೂ ಅದನ್ನೇ ಬರೀಬಹುದಿತ್ತು. ಆದರೆ ನಮ್ಮ ಸಪ್ತಾಪುರದ ಮಳೆಗಾಲಕ್ಕೆ ಇನ್ನೊಂದು ಮುಖವೂ ಇದೆ. ಜ್ವರ.

ಸಪ್ತಾಪುರ ಅಂದರೆ ಕೋಚಿಂಗ್ ಕ್ಲಾಸುಗಳ ಬಡಾವಣೆ. ಕೆಎಎಸ್, ಪಿಎಸ್ಐ ಅಂತ ಓದೋಕೆ ಉತ್ತರ ಕರ್ನಾಟಕದ ಮೂಲೆಮೂಲೆಯಿಂದ ಹುಡುಗರು ಬಂದು ರೂಮು ಹಿಡಿದಿರ್ತಾರೆ. ಪಕ್ಕದ ಮನೆ ಮಾಳಿಗೆ ಮೇಲೂ ಒಬ್ಬ ಇದ್ದ. ಒಂದು ಶ್ರಾವಣದಲ್ಲಿ, ಪರೀಕ್ಷೆಗೆ ಹತ್ತು ದಿನ ಇರುವಾಗ ಜ್ವರ ಬಂದು ಮಲಗಿದ. "ಮಳಿಯೊಳಗ ತೊಯ್ಸಿಕೊಂಡು ಅಡ್ಡಾಡಿದ್ಯಲ್ಲೋ ತಮ್ಮಾ, ಅದಕ್ಕ!" ಅಂದರು ಮಾಲಕರ ಮನೆ ಅಕ್ಕಾರು. ವಾರವಾದರೂ ಇಳೀಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಟೈಫಾಯ್ಡ್. ಅವರಪ್ಪ ಬಂದು ಊರಿಗೆ ಕರಕೊಂಡು ಹೋದರು. ವಯೋಮಿತಿಯಲ್ಲಿ ಅವನಿಗೆ ಅದೇ ಕೊನೆಯ ವರ್ಷ...

ತೊಯ್ದರೆ ಟೈಫಾಯ್ಡ್ ಬರೋದಿಲ್ಲ. ಅದರ ರೋಗಾಣು ಹೊಟ್ಟೆ ಸೇರೋದು ನೀರು, ಊಟದ ಮೂಲಕ. ಸೇರಿದ ಮೇಲೆ ಜ್ವರ ಕಾಣಿಸಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ. ಅಷ್ಟು ಹಿಂದೆ ಕುಡಿದ ನೀರು ಯಾರಿಗೆ ನೆನಪಿರುತ್ತೆ? ನಿನ್ನೆ ತೊಯ್ದದ್ದು ನೆನಪಿರುತ್ತೆ ಅಷ್ಟೇ!

ಹಾಗಂತ ಮಳೆಗೂ ಇದಕ್ಕೂ ಸಂಬಂಧ ಇಲ್ಲ ಅಂತಲ್ಲ. ಧಾರವಾಡಕ್ಕೆ ನೀರು ಸವದತ್ತಿ ಹತ್ತಿರದ ಮಲಪ್ರಭಾ ಜಲಾಶಯದಿಂದ ಬರುತ್ತೆ, ಶುದ್ಧೀಕರಿಸಿಯೇ ಬಿಡ್ತಾರೆ. ಆದರೆ ಕೆಲವು ದಿನಕ್ಕೊಮ್ಮೆ ನಳ ಬರುವ ಓಣಿಗಳಲ್ಲಿ ಉಳಿದ ಹೊತ್ತು ಪೈಪಿನಲ್ಲಿ ಒತ್ತಡವೇ ಇರೋದಿಲ್ಲ. ಆಗ ಬಿರುಕುಗಳಿಂದ ಗಟಾರದ ನೀರು, ಮಳೆಗೆ ನೆನೆದ ಮಣ್ಣಿನ ನೀರು ಒಳಗಿಳಿಯಬಹುದು. ಮತ್ತೆ ನೀರು ಬಿಟ್ಟಾಗ ಮೊದಲು ಹೊರಬರೋದು ಅದೇ. ನಾವೋ, "ನಳಾ ಬಂತು!" ಅಂತ ಕೊಡ ಹಿಡಿದು ಓಡ್ತೀವಿ.

ಇದು ನನ್ನ ಊಹೆಯಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ 24 ಗಂಟೆ ನೀರಿನ ಯೋಜನೆ ಮೊದಲು ಕೆಲವೇ ವಾರ್ಡುಗಳಿಗೆ ಬಂತು. ಎಮಿಲಿ ಕುಂಪೆಲ್, ಕಾರಾ ನೆಲ್ಸನ್ ಎಂಬ ಸಂಶೋಧಕರು ಎರಡೂ ಬಗೆಯ ನಳಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಮಲ ಬೆರೆತದ್ದರ ಗುರುತಾದ ಇ. ಕೋಲಿ, ಬಿಟ್ಟುಬಿಟ್ಟು ಬರುವ ನಳದ ಶೇ. 31.7 ಮಾದರಿಗಳಲ್ಲಿತ್ತು. ಸದಾ ಬರುವ ನಳದಲ್ಲಿ ಬರೀ ಶೇ. 0.7! ಮಳೆಗಾಲದುದ್ದಕ್ಕೂ ಹೆಚ್ಚು ಕೆಟ್ಟದ್ದು ಬಿಟ್ಟುಬಿಟ್ಟು ಬರುವ ನೀರೇ. ಮಳೆ ಮಾತ್ರ ಎರಡೂ ಓಣಿಗೆ ಒಂದೇ.

2015ರ ಇನ್ನೊಂದು ಅಧ್ಯಯನದಲ್ಲಿ, ಸದಾ ನೀರಿದ್ದ ಕಡೆ ಟೈಫಾಯ್ಡ್ ಬಂದ ಮನೆಗಳು ಶೇ. 42ರಷ್ಟು ಕಡಿಮೆ ಇದ್ದವು. ಪುಟ್ಟ ಮಕ್ಕಳ ಭೇದಿ ಮಾತ್ರ ಒಟ್ಟಾರೆ ಕಡಿಮೆಯಾಗಿರಲಿಲ್ಲ. ನಳ ಒಂದೇ ಸಾಲದು. 2013ರಲ್ಲೇ ಕಂಡಂತೆ, ಎರಡೂ ಕಡೆ ನಳದ ನೀರಿಗಿಂತ ಮನೆಯಲ್ಲಿ ತುಂಬಿಟ್ಟ ಕುಡಿಯೋ ನೀರಿನಲ್ಲೇ ಕೊಳೆ ಹೆಚ್ಚು.

ನಮ್ಮಂಥವರೇನೋ ಮೊದಲ ನೀರನ್ನು ಗಿಡಕ್ಕೆ ಬಿಟ್ಟು, ಆಮೇಲಿನದನ್ನು ಕುದಿಸಿ ಕುಡಿದೇವು. ಒಂದು ಬಕೆಟ್, ಒಂದು ಚಾಪೆ ಇರೋ ರೂಮಿನ ಹುಡುಗ ಎಲ್ಲಿ ಕುದಿಸಬೇಕು? ರೂಮು ಬಾಡಿಗೆ ಕೊಡೋರು ಮಳೆಗಾಲದಲ್ಲಿ ಒಂದು ಪಾತ್ರೆ ನೀರು ಹೆಚ್ಚಿಗೆ ಕುದಿಸಿದರೆ ಗ್ಯಾಸ್ ಎಷ್ಟು ಖರ್ಚಾದೀತು?

ನಿಮ್ಮೂರಲ್ಲಿ ನಳ ಎಷ್ಟು ದಿನಕ್ಕೊಮ್ಮೆ ಬರುತ್ತೆ? ಮೊದಲ ಕೊಡದ ನೀರು ಎಲ್ಲಿಗೆ ಹೋಗುತ್ತೆ?