ಖಾರ, ಕಹಿ, ವಾಯಿದೆ

1
ಬ್ಯಾಡಗಿ ಮಾರುಕಟ್ಟೆ, ಸೋಮವಾರ. ಹೊಸದಾಗಿ ಬಂದವರು ಸೀನುತ್ತಾರೆ. ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತ ಹೆಂಗಸರು ಸೀನುವುದಿಲ್ಲ.

2
ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಬೆಲೆ ಬಣ್ಣಕ್ಕೆ. ಖಾರ ಕಡಿಮೆ. ಇದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದೆ.

3
ಸಹಜ ಕೃಷಿಯವರ ‘ಅಗ್ನಿಅಸ್ತ್ರ’ಕ್ಕೆ ಬೇಕಾದವು: ಗೋಮೂತ್ರ, ಬೇವಿನ ಸೊಪ್ಪು, ತಂಬಾಕು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ. ಅರೆದು, ಕುದಿಸಿ, ಆರಿಸಿ, ಸೋಸಿ, ನೀರು ಬೆರೆಸಿ ಹೊಡೆಯುತ್ತಾರೆ. ಕಾಯಿಕೊರಕಕ್ಕೆ ಮದ್ದು.

4
ಮೆಣಸಿನ ಗಿಡಕ್ಕೂ ಹುಳ ಬೀಳುತ್ತದೆ. ಎಲೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮುದುಡಿದರೆ ಮೈಟ್ ನುಸಿ. ಎರಡಕ್ಕೂ ಊರಲ್ಲಿ ಒಂದೇ ಹೆಸರು, ಮುಟುರು ರೋಗ.

5
ಖಾರ ಇರುವುದು ಕಾಯಿಯೊಳಗೆ, ಬೀಜ ಅಂಟಿಕೊಂಡ ಬಿಳಿ ಭಾಗದಲ್ಲಿ. ನುಸಿ ಕೂರುವುದು ಎಲೆ, ಹೂವಿನ ಮೇಲೆ. ಹಕ್ಕಿಗಳಿಗೆ ಖಾರ ತಿಳಿಯುವುದೇ ಇಲ್ಲ.

6
ಕಪ್ಪು ಥ್ರಿಪ್ಸ್ ದೇಶದಲ್ಲಿ ಮೊದಲು ದಾಖಲಾದದ್ದು 2015ರಲ್ಲಿ, ಬೆಂಗಳೂರಿನ ಪಪ್ಪಾಯಿ ಗಿಡದ ಮೇಲೆ. 2021ರ ಹೊತ್ತಿಗೆ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೂವಿಗೆ ಬಂತು. ಹೊಲದಲ್ಲಿ ನೀಲಿ ಅಂಟುಹಾಳೆ ತೂಗುಹಾಕುತ್ತಾರೆ. ಥ್ರಿಪ್ಸ್‌ಗೆ ನೀಲಿ, ಬಿಳಿನೊಣಕ್ಕೆ ಹಳದಿ.

7
ಒಣಮೆಣಸಿನಕಾಯಿ ದಾಸ್ತಾನಿಗೆ ಬೀಳುವ ಒಂದು ಸಣ್ಣ ಕಂದು ದುಂಬಿಗೆ ‘ಸಿಗರೇಟ್ ದುಂಬಿ’ ಎನ್ನುತ್ತಾರೆ. ಅದು ತಂಬಾಕನ್ನೂ ತಿನ್ನುತ್ತದೆ. (ಮೂರನೆಯ ಟಿಪ್ಪಣಿಯ ಪಟ್ಟಿಯಲ್ಲಿ ಎರಡೂ ಇವೆ.)

8
ಬೇವಿನ ಬೀಜದ ಕಷಾಯ, ಶೇ. 5. ಬೀಜದ ತಿರುಳು 5 ಕಿಲೋ, ನೀರು 100 ಲೀಟರ್. ಕುಟ್ಟಿ ರಾತ್ರಿಯಿಡೀ ನೆನೆಸುವುದು, ಸೋಸುವುದು, ಸ್ವಲ್ಪ ಸೋಪು ಬೆರೆಸುವುದು. ಸಂಜೆ ಹೊಡೆಯಬೇಕು. ಬಿಸಿಲಿಗೆ ಸಾರ ಕೆಡುತ್ತದೆ. ಕೆಲವೇ ದಿನದಲ್ಲಿ ಎಲೆಯ ಮೇಲೆ ಅದು ಉಳಿದಿರುವುದಿಲ್ಲ.

9
ಬೇವಿನ ಹಣ್ಣು ಉದುರುವುದು ಮುಂಗಾರಿನ ಹೊತ್ತಿಗೆ. ಬಿತ್ತನೆಯೂ ಆಗಲೇ. ಆರಿಸುವವರು ಯಾರು?

10
1959, ಸುಡಾನ್. ಮಿಡತೆ ಹಿಂಡು ಹಸಿರನ್ನೆಲ್ಲ ತಿಂದು ಹೋಯಿತು. ಬೇವಿನ ಮರ ಉಳಿಯಿತು. ಅದನ್ನು ಗಮನಿಸಿದವರು ಜರ್ಮನಿಯ ಕೀಟತಜ್ಞ ಹೈನ್ರಿಕ್ ಶ್ಮುಟರರ್. ಬೇವಿನ ಸಾರ ಅಜಾಡಿರಾಕ್ಟಿನ್. ಅದನ್ನು ಕೃತಕವಾಗಿ ಕಟ್ಟಲು 22 ವರ್ಷ ಹಿಡಿಯಿತು. ಮುಗಿದದ್ದು 2007ರಲ್ಲಿ, ಕೇಂಬ್ರಿಜ್‌ನ ಪ್ರಯೋಗಾಲಯದಲ್ಲಿ.

11
ರಾಣೆಬೆನ್ನೂರಿನ ಗೊಬ್ಬರದ ಅಂಗಡಿ. ಚೀಲದ ಮೇಲೆ ‘ಬೇವು ಲೇಪಿತ ಯೂರಿಯಾ’. 2015ರಲ್ಲಿ ದೇಶದ ಕೃಷಿ ಯೂರಿಯಾಕ್ಕೆಲ್ಲ ಈ ಲೇಪ ಕಡ್ಡಾಯವಾಯಿತು. ಬೇವಿನೆಣ್ಣೆ ಕನಿಷ್ಠ ಶೇ. 0.035 ಇರಬೇಕು. 45 ಕಿಲೋ ಚೀಲಕ್ಕೆ ಲೆಕ್ಕ ಹಾಕಿದರೆ ಸುಮಾರು 16 ಗ್ರಾಂ.

12
ಆ 16 ಗ್ರಾಂ ಹುಳಕ್ಕಲ್ಲ. ಸಾರಜನಕವನ್ನು ನೈಟ್ರೇಟ್ ಮಾಡುವ ಮಣ್ಣಿನ ಬ್ಯಾಕ್ಟೀರಿಯಾವನ್ನು ನಿಧಾನಿಸುವುದಕ್ಕೆ. ಗೊಬ್ಬರ ಬೆಳೆಗೆ ನಿಧಾನವಾಗಿ, ಹೆಚ್ಚು ದಿನ ಸಿಗಲಿ ಎಂದು.

13
ಗೋವಿನಜೋಳದ ಸುಳಿಯಲ್ಲಿ ಫಾಲ್ ಸೈನಿಕ ಹುಳು. ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ಕರ್ನಾಟಕದಲ್ಲಿ. ಕೆಲವು ರೈತರು ಸುಳಿಗೆ ಒಂದು ಚಿಟಿಕೆ ಮಣ್ಣು ಹಾಕುತ್ತಾರೆ.

14
ಮನೆಯಲ್ಲಿ ಹುಳ ಬೀಳದಂತೆ ತೊಗರಿಗೆ ಕೆಮ್ಮಣ್ಣು ಕಟ್ಟಿ, ಒಣಗಿಸಿ ಇಡುತ್ತಾರೆ. ಅದೂ ಮಣ್ಣೇ.

15
ಹತ್ತಿ ಹೊಲದಲ್ಲಿ ಕೋಲು, ಕೋಲಿಗೆ ಪ್ಲಾಸ್ಟಿಕ್ ಚೀಲ, ಒಳಗೆ ಪೆನ್ಸಿಲ್ ತುದಿಯ ರಬ್ಬರಿನಷ್ಟು ಒಂದು ಬಿರಡೆ. ಬಿರಡೆಗೆ ಹೆಣ್ಣು ಪತಂಗದ ವಾಸನೆ ಕುಡಿಸಿದ್ದಾರೆ. ಬೆಳಿಗ್ಗೆ ಚೀಲದಲ್ಲಿ ಗಂಡು ಪತಂಗಗಳು. ರಬ್ಬರು ಆ ವಾಸನೆಯನ್ನು ಕೆಲವು ವಾರ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಆಮೇಲೆ ಬಿರಡೆ ಬದಲಿಸಬೇಕು.

16
ಹಣ್ಣುನೊಣದ ಗಂಡಿಗೆ ಮೀಥೈಲ್ ಯುಜಿನಾಲ್ ಇಷ್ಟ. ತುಳಸಿಯಲ್ಲೂ ಅದು ಇದೆ. ಬಯಲಲ್ಲಿಟ್ಟರೆ ಬೇಗ ಆರಿಹೋಗುತ್ತದೆ. ಬೆಂಗಳೂರಿನ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯವರು ಅದನ್ನು ನ್ಯಾನೊ ಜೆಲ್ಲಿನಲ್ಲಿ ಹಿಡಿದಿಟ್ಟು, ಪೇರಲ ತೋಟದಲ್ಲಿ ಪರೀಕ್ಷಿಸಿ, 2013ರಲ್ಲಿ ಪ್ರಕಟಿಸಿದರು.

17
ಬೇವಿನೆಣ್ಣೆಯನ್ನೂ ಹೀಗೆ ಕಾಳಿನಂಥ ಸಣ್ಣ ಗುಳಿಗೆಯೊಳಗೆ ಹಿಡಿದಿಡುವ ಪ್ರಯೋಗಗಳಿವೆ. ಗುಳಿಗೆಯ ಗೋಡೆಗೆ ಬಳಸುವುದು ಕಡಲಪಾಚಿಯ ಆಲ್ಜಿನೇಟ್, ಸಿಗಡಿ ಚಿಪ್ಪಿನ ಕೈಟೊಸಾನ್. ಬೇವು ಊರಿನದು, ಗೋಡೆ ಸಮುದ್ರದ್ದು.

18
ಹಾವೇರಿಯ ಔಷಧಿ ಅಂಗಡಿ. ಬೇವಿನ ಬಾಟಲಿಗಳ ಮೇಲೆ 300, 1500, 10,000 ಪಿಪಿಎಂ. ಕಹಿಗೂ ಅಂಕ ಕೊಟ್ಟಿದ್ದಾರೆ. ಹತ್ತು ಲಕ್ಷ ಭಾಗದಲ್ಲಿ ಅಜಾಡಿರಾಕ್ಟಿನ್ ಅಷ್ಟು ಭಾಗ ಎಂದರ್ಥ. ಗಿಡದ ಮೇಲೆ ಅದು ಎಷ್ಟು ದಿನ ಉಳಿಯುತ್ತದೆ ಎಂಬುದು ಆ ಅಂಕದಲ್ಲಿ ಬರುವುದಿಲ್ಲ.