ಪದವು ಹತ್ತಿ, ತೋಡು ದಾಟಿ

ಧನುಮಾಸದ ಬೆಳಗು, ಆರು ಗಂಟೆ. ಪುತ್ತೂರಿನ ಮಹಾಲಿಂಗೇಶ್ವರ ದೇವಸ್ಥಾನದಲ್ಲಿ ಧನುಪೂಜೆ ಮುಗಿಸಿದವರು ತಲೆಗೆ ಮಫ್ಲರ್ ಸುತ್ತಿಕೊಂಡು ಹೊರಬರುತ್ತಿದ್ದಾರೆ. ನೀವು ದೇವರಮಾರು ಗದ್ದೆಯ ಬದಿಯಲ್ಲಿ ಸೈಕಲಿಗೆ ಆತು ನಿಂತು ಟಯರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತೀರಿ, ಮುಂದಿನ ದೀಪ ಹೊತ್ತಿಸುತ್ತೀರಿ. ಪೇಟೆ ಇನ್ನೂ ಎದ್ದಿಲ್ಲ. ದರ್ಬೆಯಲ್ಲಿ ಮೈಸೂರಿನ ಹೆದ್ದಾರಿಯನ್ನು ಬಿಟ್ಟು ಕಾಣಿಯೂರು ರಸ್ತೆಗೆ ಹೊರಳಿದಾಗ ಕಿವಿಗೆ ಬೀಳುವುದು ಚೈನಿನ ಸದ್ದು, ಎಲ್ಲೋ ಹಾಲಿನ ಡಬ್ಬಿ ಹೊತ್ತು ಹೋಗುವ ಬೈಕಿನ ಸದ್ದು, ಅಷ್ಟೇ.

ಇವತ್ತಿನ ಸುತ್ತು ನೂರು ಕಿಲೋಮೀಟರಿಗೂ ಹೆಚ್ಚು. ಸವಣೂರು ದಾಟಿ ಕುಮಾರಧಾರೆಯ ಆಚೆ ಹೋಗಿ ಕಡಬ, ಮತ್ತೆ ಹೊಳೆ ದಾಟಿ ಪಂಜ, ಎಣ್ಮೂರು, ಬೆಳ್ಳಾರೆ, ಸುಳ್ಯ, ಅಲ್ಲಿಂದ ಹೆದ್ದಾರಿಯಲ್ಲಿ ವಾಪಸು. ನಕ್ಷೆಯಲ್ಲಿ ನೋಡಿದರೆ ಅಂಥಾ ಎತ್ತರವೇನೂ ಕಾಣದು. ಘಾಟಿ ಇರುವುದು ಇನ್ನೂ ಪೂರ್ವಕ್ಕೆ, ಸಂಪಾಜೆ, ಗುಂಡ್ಯ, ಬಿಸಿಲೆಗಳ ಕಡೆ. ಆದರೆ ಘಾಟಿ ಹತ್ತಿದವರೂ ಪುತ್ತೂರು, ಕಡಬ, ಸುಳ್ಯ ಈ ಮೂರು ತಾಲೂಕುಗಳ ಒಳರಸ್ತೆಗಳಲ್ಲಿ ಸುಸ್ತಾಗುವುದುಂಟು. ಘಾಟಿಯಲ್ಲಿ ಒಂದೇ ಏರು. ಕಾಲು ಅದಕ್ಕೆ ಹೊಂದಿಕೊಳ್ಳುತ್ತದೆ. ಇಲ್ಲಿ ಒಂದು ಕಿಲೋಮೀಟರಿಗೂ ಕಡಿಮೆಯ ಕಡಿದಾದ ಏರು, ಹಿಂದೆಯೇ ಅಷ್ಟೇ ಉದ್ದದ ಇಳಿತ, ಇಳಿತದ ಕೊನೆಗೆ ಒಂದು ಮೋರಿ ಅಥವಾ ಸಣ್ಣ ಸೇತುವೆ, ಮತ್ತೆ ಏರು. ಸಂಜೆಯವರೆಗೂ ಇದೇ. ಚೈನಿನ ಮುಂದಿನ ಚಕ್ರ 34 ಹಲ್ಲಿನದೂ ಹಿಂದಿನದು 32 ಹಲ್ಲಿನದೂ ಇದ್ದರೆ ಕುಳಿತೇ ಹತ್ತಬಹುದು.

ನರಿಮೊಗರು ದಾಟುವಷ್ಟರಲ್ಲಿ ಬೆಳಕು ಹರಿಯುತ್ತದೆ. ಈಗ ಸ್ವಲ್ಪ ನಿಧಾನ ಮಾಡಿ. ಈ ನೆಲದ ಕ್ರಮವನ್ನು ಮೊದಲ ಒಂದು ಗಂಟೆಯಲ್ಲೇ ಗುರುತು ಮಾಡಿಕೊಂಡರೆ ಇಡೀ ದಿನದ ದಾರಿ ಅರ್ಥವಾಗುತ್ತದೆ. ಏರಿನ ತುದಿಯಲ್ಲಿ ಪದವು: ಮುರಕಲ್ಲಿನ ಬೋಳು ಹಾಸು, ಒಣಗಿದ ಹುಲ್ಲು, ಮೊಬೈಲ್ ಟವರು, ಶಾಲೆಯ ಆಟದ ಬಯಲು. ಪದವಿನ ಅಂಚಿನಿಂದ ಕೆಳಕ್ಕೆ ಗೇರು, ರಬ್ಬರು. ಅದಕ್ಕೂ ಕೆಳಗೆ ಮನೆ, ಅಂಗಳ, ತೆಂಗು. ಎಲ್ಲಕ್ಕಿಂತ ತಗ್ಗಿನಲ್ಲಿ ಅಡಿಕೆ ತೋಟ, ತೋಟದ ನಡುವೆ ಹರಿಯುವ ತೋಡು. ರಸ್ತೆ ಗುಡ್ಡೆಯನ್ನು ಕಡಿದುಕೊಂಡು ಇಳಿಯುವ ಕಡೆ ಬದಿಯ ಧರೆಯನ್ನು ನೋಡಿ. ಮೇಲೆ ಒಂದು ಗೇಣು ಕಪ್ಪು ಮಣ್ಣು, ಅದರಡಿ ತೂತು ತೂತಾದ ಕೆಂಪು ಮುರಕಲ್ಲು, ಅದಕ್ಕೂ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಹಳದಿ-ಬಿಳಿ ಜೇಡಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಸೀಮೆ ಇದು. ಆ ನೀರು ಪದವಿನ ತೂತುಗಳಲ್ಲಿ ಇಳಿದು, ಜೇಡಿಯ ಮೇಲೆ ಜಾರಿ, ಗುಡ್ಡೆಯ ಬುಡದಲ್ಲಿ ಜಿನುಗುತ್ತದೆ. ಅಡಿಕೆಯವರು ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದದ್ದೂ ಇದೇ ಲೆಕ್ಕದ ಮೇಲೆ.

ಈ ಲೆಕ್ಕ ಚರ್ಮಕ್ಕೇ ತಿಳಿಯುತ್ತದೆ. ಇಳಿತದಲ್ಲಿ ಬ್ರೇಕು ಬಿಟ್ಟು ಬೈಲಿಗೆ ಬಂದಿರೋ, ಗಾಳಿ ಫಕ್ಕನೆ ತಣ್ಣಗಾಗಿ ತೋಳಿನ ರೋಮ ನಿಲ್ಲುತ್ತದೆ. ಮಂಜು ಅಡಿಕೆಯ ಸೋಗೆಗಳ ಎತ್ತರಕ್ಕೆ ನಿಂತಿರುತ್ತದೆ. ಮೋರಿ ದಾಟಿ ಹತ್ತತೊಡಗಿದರೆ ಅರ್ಧ ಏರಿನಲ್ಲಿ ಮಂಜು ಕೆಳಗುಳಿಯುತ್ತದೆ, ಪದವಿನ ಮೇಲೆ ಆಗಲೇ ಬಿಸಿಲು. ಕಾರಿನಲ್ಲಿ ಗಾಜು ಏರಿಸಿಕೊಂಡು ಇದೇ ರಸ್ತೆಯಲ್ಲಿ ಹೋಗುವವರಿಗೆ ಇದೆಲ್ಲ ಬರೀ ಹಸಿರು.

ಸವಣೂರು ಕಳೆದು ಎಡಕ್ಕೆ ಹೊರಳಿದರೆ ಕುದ್ಮಾರಿನ ಮೂಲಕ ಶಾಂತಿಮೊಗರು. ಮೊದಲು ಇಲ್ಲಿ ದೋಣಿಯೇ ಗತಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆಚೆ ಕಾಣುವ ಆಲಂಕಾರಿಗೆ ಉಪ್ಪಿನಂಗಡಿ ಸುತ್ತಿ ಹೋಗಬೇಕಾಗಿತ್ತು. ಈಗ ಎತ್ತರದ ಸೇತುವೆ ಇದೆ. ಸೈಕಲನ್ನು ಕಟಕಟೆಗೆ ಒರಗಿಸಿ ಕೆಳಗೆ ನೋಡಿ: ಬಂಡೆಗಳ ನಡುವೆ ಹಸಿರು ನೀರು, ಮರಳಿನ ದಿಬ್ಬದ ಮೇಲೆ ಕೊಕ್ಕರೆಗಳು. 1,712 ಮೀಟರ್ ಎತ್ತರದ ಕುಮಾರಪರ್ವತದ ಬದಿಯಿಂದ ಇಳಿದು, ಸುಬ್ರಹ್ಮಣ್ಯದಲ್ಲಿ ಯಾತ್ರಿಕರನ್ನು ಮೀಯಿಸಿ ಬಂದ ಕುಮಾರಧಾರೆ ಇದು. ಇನ್ನು ಸ್ವಲ್ಪ ದೂರದಲ್ಲೇ ಉಪ್ಪಿನಂಗಡಿಯ ಸಹಸ್ರಲಿಂಗೇಶ್ವರನ ಎದುರು ನೇತ್ರಾವತಿಯನ್ನು ಸೇರುತ್ತದೆ. ಜನವರಿಯಲ್ಲಿ ಇಷ್ಟು ಸಾಧು. ಜುಲೈಯಲ್ಲಿ ಇದೇ ಜಾಗದಲ್ಲಿ ಮರದ ದಿಮ್ಮಿಗಳು ತೇಲಿ ಬರುವುದನ್ನು ನೋಡಿದವರಿಗೆ ಸೇತುವೆಯ ಎತ್ತರ ಯಾಕೆ ಇಷ್ಟಿದೆಯೆಂದು ಹೇಳಬೇಕಾಗಿಲ್ಲ.

ಆಲಂಕಾರಿನಿಂದ ಕಡಬದವರೆಗೆ ಅಗಲದ ರಾಜ್ಯ ಹೆದ್ದಾರಿ, ಸುಬ್ರಹ್ಮಣ್ಯಕ್ಕೆ ಹೋಗುವ ಬಸ್ಸುಗಳ ದಾರಿ. ಬೇಗ ದಾಟಿಬಿಡಿ. ಹೊಸ್ಮಠದಲ್ಲಿ ಮಾತ್ರ ಗುಂಡ್ಯ ಹೊಳೆಯ ಮೇಲೆ ಒಂದು ಕ್ಷಣ ನಿಲ್ಲಿ. ಇಲ್ಲಿನ ಹಳೆಯ ಮುಳುಗು ಸೇತುವೆ ಪ್ರತಿ ಮಳೆಗಾಲದಲ್ಲೂ ಸುದ್ದಿಯಾಗುತ್ತಿತ್ತು. ನೀರು ಏರಿದೊಡನೆ ಎರಡೂ ಬದಿಯಲ್ಲಿ ಬಸ್ಸುಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಪುತ್ತೂರು, ಸುಳ್ಯಗಳ ಊರುಗಳನ್ನು ಬಿಡಿಸಿ ಕಡಬವನ್ನು ಬೇರೆ ತಾಲೂಕು ಮಾಡಿದ್ದಕ್ಕೆ ಕಾರಣ ಹುಡುಕುವವರು ಈ ಹೊಳೆಗಳನ್ನೇ ನೋಡಿದರೆ ಸಾಕು. ತಾಲೂಕು ಕಚೇರಿಯ ಒಂದು ಕಾಗದಕ್ಕೆ ಜನ ಎಷ್ಟು ನೀರು ದಾಟಬೇಕಿತ್ತು!

ಕಡಬದಲ್ಲಿ ಹೊಟ್ಟೆಗೆ ಹಾಕಿಕೊಳ್ಳಿ. ಬಾಳೆಲೆಯ ಮೇಲೆ ಸಜ್ಜಿಗೆ-ಬಜಿಲ್, ಎರಡು ಬನ್ಸ್, ಸ್ಟೀಲ್ ಲೋಟದಲ್ಲಿ ಚಹಾ. ಪಕ್ಕದ ಮೇಜಿನಲ್ಲಿ ತುಳು, ಎದುರು ಮಲಯಾಳ, ಗಲ್ಲಾದಲ್ಲಿ ಬ್ಯಾರಿ, ನಿಮ್ಮೊಡನೆ ಕನ್ನಡ. ತಿರುವಾಂಕೂರಿನ ಕಡೆಯಿಂದ ಬಂದು ಗುಡ್ಡೆ ಹಸನು ಮಾಡಿದ ಕ್ರೈಸ್ತ ಕೃಷಿಕರ ಮನೆಗಳು ಈ ಸುತ್ತಿನಲ್ಲಿ ಬಹಳ. "ಎಲ್ಲಿಂದ?" ಎಂದು ಕೇಳುತ್ತಾರೆ. ಪುತ್ತೂರು ಅಂದರೆ ಸಾಮಾನ್ಯ. ಪಂಜ, ಬೆಳ್ಳಾರೆ ಸುತ್ತಿ ಹೋಗುವುದು ಅಂದರೆ ಲೋಟ ಕೆಳಗಿಟ್ಟು ಹೊರಗೆ ಬಂದು ಸೈಕಲನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಾರೆ.

ಕೋಡಿಂಬಾಳದ ಮೇಲಾಗಿ ಪುಳಿಕುಕ್ಕಿನಲ್ಲಿ ಮತ್ತೆ ಕುಮಾರಧಾರೆ. ಇಲ್ಲಿಂದ ಪಂಜದವರೆಗಿನ ತುಂಡು ಈ ಸುತ್ತಿನಲ್ಲೇ ನನಗೆ ಹೆಚ್ಚು ಇಷ್ಟವಾದದ್ದು. ರಸ್ತೆ ಕಿರಿದು, ಮರಗಳು ಎರಡೂ ಕಡೆಯಿಂದ ಬಾಗಿ ಕೂಡಿವೆ, ಮನೆಗಳ ಅಂಗಳ ರಸ್ತೆಗೇ ಬಂದು ಮುಟ್ಟುತ್ತದೆ. ಕೊಯ್ಲಿನ ಕಾಲವಾದ್ದರಿಂದ ಅಂಗಳವೆಲ್ಲ ಅಡಿಕೆ. ಹಣ್ಣಡಿಕೆಯ ಕಿತ್ತಳೆ, ವಾರ ಒಣಗಿದ್ದರ ಕಂದು, ತಿಂಗಳಾದದ್ದರ ಬೂದು, ಎಲ್ಲ ಒಂದೇ ಅಂಗಳದಲ್ಲಿ ಪಟ್ಟೆಪಟ್ಟೆಯಾಗಿ. ಒಬ್ಬ ಅಜ್ಜಿ ಸೀರೆ ಎತ್ತಿ ಕಟ್ಟಿ, ಬರಿಗಾಲಿನಿಂದ ಅಡಿಕೆಯೊಳಗೆ ಉದ್ದಕ್ಕೂ ನಡೆಯುತ್ತಿದ್ದಾರೆ. ಪಾದ ಸರಿದಲ್ಲೆಲ್ಲ ಅಡಿಕೆ ಮಗುಚಿ ಬೀಳುತ್ತದೆ, ಹಿಂದೆ ಎರಡು ಸಾಲು ಗೀರು ಉಳಿಯುತ್ತದೆ. ಚಾವಡಿಯ ಗೋಡೆಗೆ ಒಂದು ತುಕ್ಕು ಹಿಡಿದ ಸೈಕಲು ಒರಗಿದೆ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಕೊಡುತ್ತಿದ್ದ ಸೈಕಲುಗಳಲ್ಲಿ ಒಂದು. ಗೇರ್ ಇಲ್ಲದ ಆ ಭಾರದ ಸೈಕಲನ್ನು ಈ ಏರುಗಳಲ್ಲಿ ದೂಡಿಕೊಂಡು ಹೋಗಿ ಹೈಸ್ಕೂಲು ಮುಗಿಸಿದ ಮಕ್ಕಳ ಬಗ್ಗೆ ನನಗೆ ದೊಡ್ಡ ಗೌರವ.

ಪಂಜದಿಂದ ನಿಂತಿಕಲ್ಲಿನ ಕಡೆಗೆ ತಿರುಗಿದರೆ ನೀವು ತುಳುವಿನ ಕತೆಹಾಡಾದ ಪಾಡ್ದನದ ಭೂಪಟದಲ್ಲಿದ್ದೀರಿ. ಅವಳಿ ವೀರರಾದ ಕೋಟಿ-ಚೆನ್ನಯರು ಪಡುಮಲೆಯ ಬಲ್ಲಾಳನೊಡನೆ ಮುರಿದುಕೊಂಡು ಹೊರಟು ಪಂಜದ ಕೇಮರ ಬಲ್ಲಾಳನ ಸೀಮೆಗೆ ಬಂದವರು, ಅಲ್ಲಿ ಸೆರೆ ಬಿದ್ದು ಬಿಡಿಸಿಕೊಂಡು ಎಣ್ಮೂರಿನ ದೇವ ಬಲ್ಲಾಳನ ಆಶ್ರಯಕ್ಕೆ ಹೋದವರು. ಪಡುಮಲೆ ಇರುವುದು ಪುತ್ತೂರು ತಾಲೂಕಿನಲ್ಲೇ. ಅವರು ನಡೆದ ದೂರ ಎಷ್ಟೆಂಬುದು ಕತೆ ಕೇಳುವಾಗ ಗೊತ್ತಾಗುವುದಿಲ್ಲ. ಬೆಳಗ್ಗಿನಿಂದ ತೊಡೆ ಸುಟ್ಟುಕೊಂಡು ಬಂದವರಿಗೆ ಗೊತ್ತಾಗುತ್ತದೆ. ಎಣ್ಮೂರಿನಲ್ಲಿ ಅವರ ಆರಾಧನೆ ನಡೆಯುವ ಆದಿಬೈದೆರ್ಕಳ ಗರಡಿಯ ಎದುರು ಸೈಕಲಿನಿಂದ ಇಳಿಯಿರಿ. ಕೊನೆಯ ಕಾಳಗದಲ್ಲಿ ಬೆನ್ನಿಗೆ ಬಾಣ ತಾಗಿದ ಕೋಟಿಯೂ, ಅವನ ಹಿಂದೆಯೇ ಚೆನ್ನಯನೂ ಕಾಯ ಬಿಟ್ಟದ್ದು ಈ ಎಣ್ಮೂರಿನಲ್ಲಿ.

ಬೆಳ್ಳಾರೆ ಬರುವಾಗ ಹೊತ್ತು ನೆತ್ತಿಗೇರಿದೆ. ಬೊಂಡ ಕುಡಿಯುತ್ತಾ ಬಂಗ್ಲೆಗುಡ್ಡೆಯ ಕಡೆ ನೋಡಿ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಕಂಪನಿ ಸರ್ಕಾರ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾಕ್ಕೆ ಸೇರಿಸಿ, ಬೆಳೆಯ ರೂಪದ ಕಂದಾಯಕ್ಕೆ ಬದಲು ನಗದು ಕೇಳಿತು. 1837ರಲ್ಲಿ ರೈತರು ಎದ್ದರು. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ, ಕೊಡಗಿನ ರಾಜವಂಶದವನೆನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ದಂಡು ಈ ಬಂಗ್ಲೆಗುಡ್ಡೆಯಲ್ಲಿದ್ದ ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಪುತ್ತೂರು ದಾಟಿ, ಏಪ್ರಿಲ್ 5ರಂದು ಮಂಗಳೂರನ್ನೇ ಕೈವಶ ಮಾಡಿಕೊಂಡಿತು. 13 ದಿನ ಆಳಿತು. ಏಪ್ರಿಲಿನ ಸೆಕೆಯಲ್ಲಿ, ಈ ಏರಿಳಿತಗಳಲ್ಲಿ, ನಡೆದುಕೊಂಡು.

ಐವರ್ನಾಡಿನ ಸುತ್ತ ರಬ್ಬರಿನ ನೆರಳು. ಬೆಳಗ್ಗೆ ಕೆತ್ತಿದ ಮರಗಳಿಂದ ಹಾಲು ಕೂಡಿಸುವ ಹೊತ್ತು ಇದು. ಗೆರಟೆಯನ್ನು ಬಕೆಟಿಗೆ ಬಗ್ಗಿಸಿ, ಅಂಟಿದ್ದನ್ನು ಬೆರಳಿನಿಂದ ಬಳಿದು, ಮುಂದಿನ ಮರಕ್ಕೆ ಹೋಗುತ್ತಾರೆ. ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಲ್ಲಿ ದುಡಿಯುವ ಹಲವರ ಹಿರಿಯರು 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳರು. ಮರದ ಸಾಲಿನೊಳಗಿಂದ ತಮಿಳಿನ ಮಾತು ಕೇಳಿಸುತ್ತದೆ.

ಸೋಣಂಗೇರಿ, ಪೈಚಾರು, ಸುಳ್ಯ ಪೇಟೆ. ಕಾಲಿನಲ್ಲಿ ಕಸುವು ಉಳಿದಿದ್ದರೆ ಮಡಿಕೇರಿಯ ಕಡೆಗೆ ಸ್ವಲ್ಪ ಮುಂದೆ ಅರಂಬೂರಿಗೆ ಹೋಗಿ ಪಯಸ್ವಿನಿಯನ್ನು ನೋಡಿ. 1989ರಲ್ಲಿ ಇಲ್ಲಿನ ಜನ ಹೊಳೆ ದಾಟಲು ಏನಾದರೂ ಮಾಡಿಕೊಡಿ ಎಂದು ಕೇಳಿಕೊಂಡಾಗ ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜರು ತಮ್ಮ ಮೊದಲ ತೂಗುಸೇತುವೆ ಕಟ್ಟಿದರು. ಆಮೇಲೆ ಬೇರೆ ರಾಜ್ಯಗಳಲ್ಲೂ ಸೇರಿ ನೂರಕ್ಕೂ ಹೆಚ್ಚು. 2017ರಲ್ಲಿ ಪದ್ಮಶ್ರೀ ಬಂತು. ಎರಡು ಹೊಳೆ, ಲೆಕ್ಕವಿಲ್ಲದಷ್ಟು ತೋಡು ದಾಟಿ ಬಂದವರಿಗೆ ಇಂಥವರು ಸುಳ್ಯದಲ್ಲೇ ಹುಟ್ಟಿದ್ದು ಸಹಜವೆನಿಸುತ್ತದೆ. ಈ ಕಡೆಯ ತೋಟಗಳಲ್ಲಿ ಸೋಗೆ ಹಳದಿಯಾದ ಮರಗಳನ್ನೂ ಕಾಣುವಿರಿ. ಹಳದಿ ಎಲೆ ರೋಗ ಸಂಪಾಜೆ, ಅರಂತೋಡಿನ ಎಷ್ಟೋ ಮನೆಗಳ ಆದಾಯವನ್ನು ತಿಂದುಹಾಕಿದೆ.

ವಾಪಸು ಜಾಲ್ಸೂರು, ಕನಕಮಜಲು, ಕಾವು, ಕುಂಬ್ರ. ಹೆದ್ದಾರಿ ನುಣುಪಾಗಿದೆ, ಗಾಡಿಗಳ ಓಟ ಹೆಚ್ಚು. ಡಾಮರು ಮುಗಿದಲ್ಲಿ ಅಂಚು ಗೇಣು ಆಳಕ್ಕೆ ಇಳಿದಿರುವ ಜಾಗಗಳಿವೆ. ಹಿಂದಿನಿಂದ ಬಸ್ಸು ಹಾರ್ನ್ ಹೊಡೆದಾಗ ಸೈಕಲಿಗೆ ಇಳಿಯಲು ಎಡೆಯಿಲ್ಲ. ರಸ್ತೆ ಅಗಲ ಮಾಡುವವರು ಅಂಚಿಗೆ ಮಣ್ಣು ತುಂಬಿ ಒಂದು ಮಾರು ಸಮತಟ್ಟು ಮಾಡಿಕೊಡಲಿ. ಅದು ನಮ್ಮಂಥವರಿಗಿಂತ ಮೊದಲು ಶಾಲೆಗೆ ನಡೆಯುವ ಮಕ್ಕಳಿಗೆ, ಹಾಲಿನ ಸೊಸೈಟಿಗೆ ಹೋಗುವವರಿಗೆ ಬೇಕು.

ಜಾಲ್ಸೂರಿನಲ್ಲಿ ಎಡಕ್ಕೆ ಕವಲೊಡೆದ ಕಾಸರಗೋಡಿನ ರಸ್ತೆಗೆ ಇನ್ನೊಂದು ಬೆಳಗು ಎತ್ತಿಡಿ. ಪಯಸ್ವಿನಿ ಆ ಸೀಮೆಗೆ ಇಳಿದು ಚಂದ್ರಗಿರಿಯಾಗಿ ಕೋಟೆಯ ಬುಡದಲ್ಲಿ ಕಡಲು ಸೇರುತ್ತದೆ. ಆದೂರು, ಮುಳ್ಳೇರಿಯದ ಮೇಲಾಗಿ ಹೋದರೆ ಮಧ್ಯಾಹ್ನದೊಳಗೆ ಉಪ್ಪುಗಾಳಿ ಮುಖಕ್ಕೆ ಬಡಿಯುತ್ತದೆ. ಫೆಬ್ರವರಿ ದಾಟುವ ಮೊದಲು ಹೊರಡಿ, ಆಮೇಲಿನ ಸೆಕೆ ಸೈಕಲಿಗಲ್ಲ.