ಅಶ್ವಪರಿಚರ್ಯೆ

ಆನೇಕಲ್ಲು ತಾಲ್ಲೂಕಿನ ಚಂದಾಪುರದಲ್ಲಿ ಇಂದು ಕುದುರೆಯನ್ನು ಕಾಣಬೇಕಾದರೆ ಮದುವೆಯ ಮೆರವಣಿಗೆಗೆ ಕಾಯಬೇಕು. ಹೊಸೂರು ರಸ್ತೆಯಲ್ಲಿ ಲಾರಿ ಬಸ್ಸುಗಳದೇ ಪ್ರಭುತ್ವ. ಆದರೂ ಮೂಕಪ್ರಾಣಿಯನ್ನು ದೊಡ್ಡ ದಿನಕ್ಕೆ ಸಿದ್ಧಗೊಳಿಸುವ ವಿದ್ಯೆ ಆ ಸೀಮೆಗೆ ಹೊಸದಲ್ಲ. ನೆರೆಯ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಗೆ ಸುತ್ತಣ ಹಳ್ಳಿಗಳಿಂದ ಗಗನವನ್ನು ಮುಟ್ಟುವಂತಹ ಕುರ್ಜುಗಳು ಬರುವುದುಂಟಷ್ಟೆ. ಈಗ ಟ್ರಾಕ್ಟರುಗಳೂ ಎಳೆಯುತ್ತವೆ. ಆದರೆ ಅದಕ್ಕಾಗಿ ಎತ್ತು ಸಾಕಿದ ರೈತನು ಒಂದು ಮಾತನ್ನು ಚೆನ್ನಾಗಿ ಬಲ್ಲನು. ನೊಗ ಹೂಡಿದ ಗಳಿಗೆಗಿಂತಲೂ ಅದರ ಹಿಂದಿನ ರಾತ್ರಿಯೂ, ನೊಗ ಕಳಚಿದ ಮೇಲಿನ ಗಳಿಗೆಯೂ ಮುಖ್ಯವಾದುವು. ಎತ್ತಿಗೆ ಸಲ್ಲುವ ಈ ಮಾತು ಕುದುರೆಗೆ ಇನ್ನೂ ಹೆಚ್ಚಾಗಿ ಸಲ್ಲುವುದು.

ಬೆಂಗಳೂರಿನ ರಾವುತ ಫವಾದ್ ಮಿರ್ಜಾ 2018ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯನ್ನೇರಿ ಬೆಳ್ಳಿಯ ಪದಕವನ್ನು ಗಳಿಸಿದುದನ್ನು ವಾಚಕರು ಕೇಳಿರಬಹುದು. 1982ರ ತರುವಾಯ ಭಾರತದ ಸವಾರನೊಬ್ಬನಿಗೆ ಆ ಕ್ರೀಡೆಗಳಲ್ಲಿ ವೈಯಕ್ತಿಕ ಪದಕ ದೊರೆತದ್ದು ಅದೇ ಮೊದಲು. ಈ ಸ್ಪರ್ಧೆಗೆ ಈವೆಂಟಿಂಗ್ ಎಂದು ಹೆಸರು. ಇದರಲ್ಲಿ ಮೂರು ಪರೀಕ್ಷೆಗಳುಂಟು: ಮೊದಲನೆಯದು ನಡೆಯ ವಿನಯ, ಎರಡನೆಯದು ಹಳ್ಳ ದಿಣ್ಣೆಗಳ ಮೇಲಣ ದೂರದ ಓಟ, ಮೂರನೆಯದು ಕಟ್ಟಿದ ಅಡ್ಡಗಂಬಗಳ ಲಂಘನ. ಫವಾದರ ತಂದೆ ಕುದುರೆಗಳ ವೈದ್ಯರೆಂಬುದು ಇಲ್ಲಿ ಸ್ಮರಣೀಯ. ಲೋಕವು ನೋಡುವುದು ಜೀನಿನ ಮೇಲಣ ಮನುಷ್ಯನನ್ನು. ಲಾಯದ ಕತ್ತಲಲ್ಲಿ ಲಾಂದ್ರ ಹಿಡಿದು ನಿಂತವನನ್ನು ಕಾಣುವವರು ವಿರಳ.

ಸ್ಪರ್ಧೆಯ ದಿನ ಲಾಯದಲ್ಲಿ ಬೆಳಗಾಗುವುದು ಸೂರ್ಯನಿಗಿಂತ ಮುಂಚೆ. ಸೈಸನು ಮೊದಲು ನೋಡುವುದು ರಾತ್ರಿ ಹಾಕಿದ ಮೇವು ಉಳಿದಿದೆಯೆ, ಲದ್ದಿ ಎಂದಿನಂತಿದೆಯೆ ಎಂಬುದನ್ನು. ಕುದುರೆಗೆ ದೇಹ ದೊಡ್ಡದು, ಜಠರ ಚಿಕ್ಕದು. ಮೇಲಾಗಿ ಅದಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ. ಒಳಗೆ ಹೋದದ್ದು ಕೆಟ್ಟರೆ ಹೊಟ್ಟೆನೋವಿನಿಂದ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಕಾಳಿನ ಮೇವನ್ನು ಓಟಕ್ಕೆ ಮೂರು ನಾಲ್ಕು ಗಂಟೆ ಮುಂಚೆಯೇ ಮುಗಿಸಬೇಕು. ಇಂದು ಹೆಚ್ಚಿನ ದಿನವೆಂದು ಹೆಚ್ಚು ಹುರುಳಿ ಹಾಕುವುದು ಪ್ರೀತಿಯಲ್ಲ, ಅವಿವೇಕ. ನಿತ್ಯದ ಕ್ರಮವನ್ನು ಕದಲಿಸದಿರುವುದೇ ಆ ದಿನದ ಮೊದಲ ಉಪಚಾರ.

ಆಮೇಲೆ ಮಾಲೀಸು. ಇದನ್ನು ಅಲಂಕಾರವೆಂದು ತಿಳಿಯುವವರು ಅರ್ಧವನ್ನು ಮಾತ್ರ ತಿಳಿದವರು. ಜೂಲನ್ನು ಹೆಣೆದು ಮೈಯನ್ನು ಹೊಳೆಯಿಸುವುದು ನೋಡುವವರ ಸಂತೋಷಕ್ಕಾದರೆ, ನಾಲ್ಕು ಕಾಲುಗಳ ಮೇಲೂ ಅಂಗೈಯನ್ನು ಇಳಿಸುತ್ತ ಎಲ್ಲಿಯಾದರೂ ಬಿಸಿಯುಂಟೆ, ಊತವುಂಟೆ ಎಂದು ಹುಡುಕುವುದು ಕುದುರೆಯ ಹಿತಕ್ಕೆ. ಗೊರಸನ್ನೆತ್ತಿ ಕಲ್ಲುಮಣ್ಣನ್ನು ತೆಗೆದು ಲಾಳವು ಭದ್ರವಾಗಿದೆಯೆ ಎಂದು ನೋಡಬೇಕು; ಜಾರುವ ಹುಲ್ಲುನೆಲವಾದರೆ ಲಾಳಕ್ಕೆ ಉಕ್ಕಿನ ಗುಬ್ಬಿಗಳನ್ನು ತಿರುಪಬೇಕು. ಇಷ್ಟರ ಮೇಲೂ ಪಶುವೈದ್ಯರ ಮುಂದೆ ಕುದುರೆಯನ್ನು ಕುಕ್ಕುಲೋಟದಲ್ಲಿ ನಡೆಸಿ ತೋರಿಸುವ ವಿಧಿಯುಂಟು. ಸ್ಪರ್ಧೆಗೆ ಮೊದಲೊಮ್ಮೆ, ದೂರದ ಓಟವಾದ ಮೇಲೆ ಮತ್ತೊಮ್ಮೆ. ಕುಂಟು ಕಂಡರೆ ಅಲ್ಲಿಗೆ ಮುಗಿಯಿತು. ರಾವುತನ ಕೀರ್ತಿಯಾಗಲಿ ದೇಶದ ಬಾವುಟವಾಗಲಿ ನೆರವಿಗೆ ಬಾರವು.

ಓಟ ಮುಗಿದಾಗ ನೋಟಕರು ಅಂಕಗಳತ್ತ ತಿರುಗುತ್ತಾರೆ. ಸೈಸನು ಕುದುರೆಯತ್ತ ಓಡುತ್ತಾನೆ. ಪರಿಚರ್ಯೆಯ ಉತ್ತರಾರ್ಧ ಆರಂಭವಾಗುವುದು ಆಗಲೇ. ಜೀನನ್ನಿಳಿಸಿ, ತಣ್ಣೀರು ಸುರಿದು, ನಡೆಸುತ್ತ ನಡೆಸುತ್ತ ಉಸಿರನ್ನು ಹದಕ್ಕೆ ತರಬೇಕು. ಬೆವರಿದ ಕುದುರೆಗೆ ತಣ್ಣೀರು ತಾಕಬಾರದೆಂಬ ನಂಬಿಕೆ ಬಹುಕಾಲದಿಂದ ಇದ್ದಿತು. 1996ರ ಅಟ್ಲಾಂಟಾ ಒಲಿಂಪಿಕ್ಸಿಗೆ ಮುಂಚೆ ವಿದ್ವಾಂಸರು ಬಿಸಿಲಿನಲ್ಲಿ ಪರೀಕ್ಷಿಸಿ ನೋಡಿ, ಧಾರಾಳವಾದ ತಣ್ಣೀರೇ ಕುದುರೆಯನ್ನು ಕಾಪಾಡುವುದೆಂದು ಸ್ಥಾಪಿಸಿದರು. ಕುದುರೆಯ ಬೆವರಿನಲ್ಲಿ ಮನುಷ್ಯನ ಬೆವರಿಗಿಂತ ಉಪ್ಪಿನಂಶ ಹೆಚ್ಚು. ಕುಡಿಯಲು ನೀರನ್ನೂ, ಕಳೆದುಹೋದ ಲವಣವನ್ನೂ ಒದಗಿಸಬೇಕು. ವಿಶ್ರಾಂತಿಯಲ್ಲಿ ಕುದುರೆಯ ನಾಡಿ ನಿಮಿಷಕ್ಕೆ 30ರಿಂದ 40ರವರೆಗೆ ಬಡಿಯುತ್ತದೆ. ಅದು ಆ ಎಣಿಕೆಗೆ ಇಳಿಯುತ್ತ ಬಂದಾಗಲೇ ಸೈಸನಿಗೆ ತನ್ನ ಹೊಟ್ಟೆಯ ನೆನಪು.

ಈ ಧರ್ಮಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಮಹಾಭಾರತದ ದ್ರೋಣಪರ್ವದಲ್ಲಿ ಜಯದ್ರಥನನ್ನು ಕೊಲ್ಲುವ ದಿನ ಸೂರ್ಯನು ಪಶ್ಚಿಮಕ್ಕೆ ವಾಲುತ್ತಿದ್ದಾನೆ. ಒಂದೊಂದು ಗಳಿಗೆಯೂ ಪ್ರತಿಜ್ಞೆಯ ಕೊರಳಿಗೆ ಕುಣಿಕೆ. ಅಂತಹ ಹೊತ್ತಿನಲ್ಲಿ ಕುದುರೆಗಳು ಬಳಲಿದುವೆಂದು ರಥವನ್ನು ನಿಲ್ಲಿಸಲಾಯಿತು. ಅರ್ಜುನನು ಬಾಣದಿಂದ ಕೊಳವನ್ನು ನಿರ್ಮಿಸಿ ನೆಲದ ಮೇಲೆ ನಿಂತು ಶತ್ರುಗಳನ್ನು ತಡೆದನು. ಶ್ರೀಕೃಷ್ಣನು ಕುದುರೆಗಳ ಮೈಯಲ್ಲಿ ನಾಟಿದ ಬಾಣಗಳನ್ನು ತನ್ನ ಕೈಯಿಂದಲೇ ಕಿತ್ತು, ತಿಕ್ಕಿ, ನೀರು ಕುಡಿಸಿ, ಆಯಾಸ ಕಳೆದ ಮೇಲೆ ಮತ್ತೆ ಹೂಡಿದನು. ಗೆಲುವಿನ ಆತುರಕ್ಕಿಂತ ಮೂಕಪ್ರಾಣಿಯ ಆಯಾಸ ಮೊದಲೆಂಬುದನ್ನು ಪಾರ್ಥಸಾರಥಿಯೇ ನಡೆದು ತೋರಿದನು.

ಫವಾದರೂ ಮೆಡಿಕಾಟನೂ 2021ರಲ್ಲಿ ಟೋಕಿಯೊ ಒಲಿಂಪಿಕ್ಸಿಗೆ ಹೋದರು. ಅಲ್ಲಿನ ಉರಿಬಿಸಿಲಿಗೆ ಅಂಜಿ ಆಗಸ್ಟ್ 1ರಂದು ದೂರದ ಓಟವನ್ನು ಬೆಳಗಿನ ಹೊತ್ತಿನಲ್ಲಿ ನಡೆಸಿದರು. ಅದೇ ದಿನ, ಅದೇ ಹಾದಿಯಲ್ಲಿ, ಸ್ವಿಟ್ಜರ್ಲೆಂಡಿನ ಜೆಟ್ ಸೆಟ್ ಎಂಬ ಕುದುರೆಯ ಕಾಲಿನ ಸ್ನಾಯುಬಂಧ ಹರಿಯಿತು. ವಾಸಿಯಾಗದ ಪೆಟ್ಟೆಂದು ಕಂಡುದರಿಂದ ಅದಕ್ಕೆ ನೋವಿಲ್ಲದ ಮರಣವನ್ನು ಕೊಡಬೇಕಾಯಿತು. ಮೆಡಿಕಾಟ್ ಮರುದಿನ ಲಂಘನದ ಅಂತಿಮ ಸುತ್ತನ್ನು ಸೇರಿ, ರಾವುತನಿಗೆ 23ನೆಯ ಸ್ಥಾನವನ್ನು ತಂದಿತು.

ಒಂದು ಮನೆಗೆ ಮರಳಿತು, ಒಂದು ಮರಳಲಿಲ್ಲ. ಎಲ್ಲ ಎಚ್ಚರವೂ ಸೋಲುವ ಗಳಿಗೆಯುಂಟೆಂಬುದಕ್ಕೆ ಇದೇ ಸಾಕ್ಷಿ. ಆದರೆ ಎಚ್ಚರವನ್ನು ಬಿಡಲು ಅದು ನೆಪವಾಗಲಾರದು. ಪಂದ್ಯವನ್ನು ಬಯಸಿದವನು ಮನುಷ್ಯ. ಕುದುರೆಗೆ ಪದಕದ ಆಸೆಯಿಲ್ಲ, ಸೋಲಿನ ಅವಮಾನವೂ ಇಲ್ಲ. ನಂಬಿದವನು ತೋರಿದ ದಿಕ್ಕಿಗೆ ಅದು ನೆಗೆಯುತ್ತದೆ. ಆ ನಂಬಿಕೆಯ ಋಣವು ಪದಕದಿಂದ ತೀರುವುದಲ್ಲ. ತಣಿದ ಮೈಯಿಂದ, ನೋವಿಲ್ಲದ ಕಾಲಿನಿಂದ, ರಾತ್ರಿಯ ಲಾಯದಲ್ಲಿ ನೆಮ್ಮದಿಯಾಗಿ ಮೇವು ಮೆಲ್ಲುವ ಸದ್ದಿನಿಂದ ತೀರತಕ್ಕದ್ದು.